ಮದುಮಗನ ಕೈಯ ಕಲಂತರಾಶ್

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು, ಅಪ್ಪ ಅವ್ವ ಇದ್ದಾರೆ, ಅವರ ಕಿವಿಗೆ ಬೀಳುವುದು ಬೇಡ ಎಂದುಕೊಂಡೆ. ಆಮೇಲೆ ಮಕ್ಕಳ ಮದುವೆ ಮುಗಿಯಲಿ ಎಂದುಕೊಂಡೆ. ಈಗ ಮೊಮ್ಮಕ್ಕಳ ಮದುವೆಗಳೂ ಆದವು. ಕೇಳಿ ನೊಂದುಕೊಳ್ಳುವವರು ಯಾರೂ ಉಳಿದಿಲ್ಲ. ಹಾಗಾಗಿ ನೆಪವೂ ಉಳಿದಿಲ್ಲ. ಹೇಳಬೇಕಾದದ್ದು ದೊಡ್ಡ ಕಥೆಯೇನಲ್ಲ. ಒಂದು ಮಡಚುವ ಚಾಕು, ಅದರ ಹೆಸರಿನ ಬಗ್ಗೆ ಮದುವೆಯ ಹಂದರದಲ್ಲಿ ನಡೆದ ಮಾತು, ಆ ಮಾತಿನ ನಡುವೆ ನಾನು ಹೊಟ್ಟೆಕಿಚ್ಚಿನಿಂದ ಆಡಿದ ಒಂದು ವಾಕ್ಯ, ಇಷ್ಟೆ.

ನಮ್ಮೂರು ಮಸ್ಕಿ. ಹೈಸ್ಕೂಲು ಇದ್ದದ್ದು ಲಿಂಗಸುಗೂರಿನಲ್ಲಿ. ಅಲ್ಲಿ ನಾನು ಒಬ್ಬ ಸಹಪಾಠಿಯ ಮನೆಯಲ್ಲಿ ಉಳಿದು ಓದಿದೆ. ಆ ಮನೆಯಲ್ಲಿದ್ದವರು ಇಬ್ಬರೇ, ಅವನು ಮತ್ತು ಅವನ ಅಕ್ಕ. ತಾಯಿ ಅವನನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡಿದ್ದಳು. ತಂದೆ ತಹಸೀಲು ಕಚೇರಿಯಲ್ಲಿ ಮುನ್ಷಿಯಾಗಿದ್ದವರು, ಅವರೂ ಹೋಗಿದ್ದರು. ಅಕ್ಕ ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ತಮ್ಮನನ್ನು ಮಗನಂತೆ ಬೆಳೆಸಿದವಳು. ನನ್ನನ್ನೂ ಬೇರೆಯವನೆಂದು ನೋಡಲಿಲ್ಲ. ಒಲೆಯ ಮುಂದೆ ನಾವಿಬ್ಬರೂ ಕೂತರೆ ಮೊದಲ ಬಿಸಿ ರೊಟ್ಟಿ ಒಂದು ದಿನ ಅವನಿಗೆ, ಮರುದಿನ ನನಗೆ. ಅದರಲ್ಲಿ ಎಂದೂ ಮೋಸ ಮಾಡಲಿಲ್ಲ.

ಆ ಮನೆಯಲ್ಲಿ ಮುನ್ಷಿಯವರು ಬಿಟ್ಟುಹೋದ ಒಂದು ಮಡಚುವ ಚಾಕು ಇತ್ತು. ಬೆರಳುದ್ದದ ಅಲಗು, ಹಳದಿಗೆ ತಿರುಗಿದ ಎಲುಬಿನ ಹಿಡಿ. ಅದಕ್ಕೆ ಮನೆಯವರು ಚಾಕು ಎನ್ನುತ್ತಿರಲಿಲ್ಲ, ಕಲಂತರಾಶ್ ಎನ್ನುತ್ತಿದ್ದರು. ಜೊಂಡಿನ ಕಡ್ಡಿಯ ಲೇಖನಿ ಕೆತ್ತುವ ಚಾಕು ಅದು. ಆಗ ನಮ್ಮ ಶಾಲೆ ಉರ್ದುವಿನಲ್ಲಿ. ಉರ್ದು ಅಕ್ಷರಕ್ಕೆ ಲೇಖನಿಯ ತುದಿಯನ್ನು ಓರೆಯಾಗಿ ಕತ್ತರಿಸಬೇಕು. ಆ ಓರೆ ಸರಿಬಂದರೆ ಗೆರೆ ಒಂದು ಕಡೆ ಕೂದಲಿನಂತೆ, ಇನ್ನೊಂದು ಕಡೆ ಎಲೆಯಂತೆ ಮೂಡುತ್ತದೆ. ಗೆಳೆಯ ಇಬ್ಬರ ಲೇಖನಿಯನ್ನೂ ಕೆತ್ತುತ್ತಿದ್ದ. ಬರೆಯುವುದರಲ್ಲಿ ಮಾತ್ರ ನಾನೇ ಮುಂದು. ಉಸ್ತಾದರು ನನ್ನ ಬರವಣಿಗೆಯನ್ನು ತರಗತಿಯ ಗೋಡೆಗೆ ಅಂಟಿಸಿದ್ದರು. ಅದನ್ನು ದಾಟಿ ಹೋಗುವಾಗಲೆಲ್ಲ ನಾನು ನಿಧಾನವಾಗಿ ನಡೆಯುತ್ತಿದ್ದೆ.

ನಿಜಾಮರ ಆಡಳಿತ ಮುಗಿಯಿತು. ಶಾಲೆಗೆ ಕನ್ನಡ ಬಂತು. ಊರಿಗೆಲ್ಲ ಸಂತೋಷ, ನನಗೂ ಸಂತೋಷವೆಂದೇ ತೋರಿಸಿಕೊಂಡೆ. ಒಳಗೆ ಮಾತ್ರ ಕೈ ಕತ್ತರಿಸಿದ ಹಾಗಾಯಿತು. ಗೋಡೆಯ ಮೇಲಿನ ನನ್ನ ಅಕ್ಷರ ಹರಿದು ಬಿತ್ತು, ಯಾರೂ ಮತ್ತೆ ಅಂಟಿಸಲಿಲ್ಲ. ಗೆಳೆಯ ಕಲಂತರಾಶ್ ತೆಗೆದು ಎರಡೂ ಲೇಖನಿಗಳ ಓರೆಯನ್ನು ಹೆರೆದು ನೇರ ಮಾಡಿದ. "ಕನ್ನಡ ಗುಂಡಗಿನ ಅಕ್ಷರಲೇ, ಓರೆ ಇದ್ರ ಹೊಟ್ಟಿ ಹರೀತೈತಿ" ಎಂದ. ಅವನಿಗೆ ಅಷ್ಟೇ. ನಾನು ಚಿಕ್ಕ ಮಗುವಿನಂತೆ ಹೊಸದಾಗಿ ಅ ಆ ತಿದ್ದುತ್ತ ಕೂತಾಗ ಅವನು ಮಠದ ಅಯ್ಯನವರ ಬಳಿ ಹಳಗನ್ನಡ ಓದುತ್ತಿದ್ದ. ಫಾರಸಿ ಕಲಿಸಿದ ಮೌಲ್ವಿ ಸಾಹೇಬರ ಮನೆಗೆ ಹೋಗುವುದನ್ನೂ ಬಿಡಲಿಲ್ಲ. ಎರಡು ಕಡೆಯಿಂದಲೂ ಅವನು ತರುತ್ತಿದ್ದದ್ದು ಶಬ್ದಗಳ ಹುಟ್ಟೂರು.

"ಕಲಂ ಅಂದ್ರ ಲೇಖನಿ, ಅರಬರ ಮಾತು. ತರಾಶ್ ಅಂದ್ರ ಕೆತ್ತೂದು, ಹೆರಿಯೂದು, ಫಾರಸಿ. ಕಲ್ಲ ಕೆತ್ತಾಂವಗ ಸಂಗ್‌ತರಾಶ್ ಅಂತಾರ. ಹಂಗ ಇದು ಕಲಂತರಾಶ್. ಚೂರಿ ನಮ್ಮ ಕಡೀದು, ಸಂಸ್ಕೃತದ ಕ್ಷುರಿಕಾದಿಂದ ಬಂದೈತಿ. ಕ್ಷೌರಕ್ಕೂ ಅದೇ ಬೇರು. ಕತ್ತಿ ಮಾತ್ರ ಅಪ್ಪಟ ನಮ್ಮದು, ತೆಲುಗರಿಗೂ ತಮಿಳರಿಗೂ ಅದೇ ಕತ್ತಿ."

ರೊಟ್ಟಿ ಬಡಿಯುತ್ತಿದ್ದ ಅಕ್ಕ ತಿರುಗಿ ನೋಡದೆ ಹೇಳುತ್ತಿದ್ದಳು: "ಹಸಿವು ಅನ್ನೂ ಮಾತು ಎಲ್ಲಿಂದ ಬಂತು ಅಂತ ಆಮ್ಯಾಲ ಹುಡುಕೀರಂತ. ರೊಟ್ಟಿ ಆರಾಕತ್ತಾವು, ತಿನ್ರಿ."

ನಾವು ನಗುತ್ತಿದ್ದೆವು. ನಗುತ್ತಲೇ ನಾನು ಅವನ ಮಾತಿನಲ್ಲಿ ತಪ್ಪು ಹುಡುಕುತ್ತಿದ್ದೆ. ಇವತ್ತಿಗೂ ಆ ಚಟ ಹೋಗಿಲ್ಲ. ನಿವೃತ್ತನಾದ ಮೇಲೆ ದಪ್ಪ ನಿಘಂಟು ತರಿಸಿಕೊಂಡು ಮೊದಲು ನೋಡಿದ್ದು ಚಾಕು ಶಬ್ದವನ್ನು. ಅದು ಫಾರಸಿಯದೆಂದು ಅವನು ಹೇಳಿದ್ದ. ಫಾರಸಿಗೂ ಅದು ತುರ್ಕಿಯಿಂದ ಬಂದದ್ದು ಎಂದು ನಿಘಂಟು ಹೇಳಿತು. ಕಲಂ ಕೂಡ ಅರಬರದ್ದಲ್ಲವಂತೆ, ಗ್ರೀಕರ ಕಡೆಯಿಂದ ಬಂದ ಜೊಂಡಿನ ಹೆಸರಂತೆ. ಓದಿ ಒಬ್ಬನೇ ಕೂತು ಹಿಗ್ಗಿದೆ. ಅವನು ಸತ್ತು ಎಷ್ಟೋ ವರ್ಷವಾಗಿತ್ತು. ಇಂಥ ಮನುಷ್ಯ ನಾನು ಎಂಬುದು ಓದುವವರಿಗೆ ಮೊದಲೇ ಗೊತ್ತಿರಲಿ.

ಸಿಂಧನೂರಿನಲ್ಲಿ ನನ್ನ ಸೋದರಮಾವನದು ಕಾಳಿನ ಅಂಗಡಿ. ಅವನಿಗೆ ಒಬ್ಬಳೇ ಮಗಳು. ಆಕೆ ನನಗೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಾವನ ಮಗಳೆಂದ ಮೇಲೆ ಹಕ್ಕಿನವಳು. ಚಿಕ್ಕಂದಿನಿಂದ ಇಬ್ಬರನ್ನೂ ಒಂದೇ ಮಾತಿನಲ್ಲಿ ಛೇಡಿಸುತ್ತಿದ್ದರು. ಮ್ಯಾಟ್ರಿಕ್ ಮುಗಿದ ಬೇಸಿಗೆಯಲ್ಲಿ ಗೆಳೆಯನನ್ನು ಆ ಮನೆಗೆ ಕರೆದುಕೊಂಡು ಹೋದವನು ನಾನೇ. ನನ್ನ ಮಾವನ ಸಿರಿತನ ಅವನು ನೋಡಲಿ ಎಂದು ಕರೆದೊಯ್ದೆ. ಆದದ್ದು ಬೇರೆ. ಮಾವ ಅವನನ್ನು ಅಂಗಡಿಯ ಗಾದಿಯ ಮೇಲೆ ಕೂರಿಸಿಕೊಂಡು ಸೇರು, ಪಾಯಲಿ, ಮಣ ಎಂಬ ಅಳತೆಯ ಮಾತುಗಳು ಯಾವ ಕಡೆಯವೆಂದು ಕೇಳುತ್ತ ಸಂಜೆ ಮಾಡಿದ. ಒಳಬಾಗಿಲ ಹಿಂದೆ ಬಳೆಯ ಸದ್ದು ನಿಂತುಹೋಗಿತ್ತು. ಆಕೆ ಕೆಲಸ ಬಿಟ್ಟು ಕೇಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ನಾನು ಮಾತಾಡುವಾಗ ಆ ಬಳೆಗಳು ಎಂದೂ ಸುಮ್ಮನಾಗಿರಲಿಲ್ಲ.

ಮರುವರ್ಷ ಅವನಿಗೆ ಲಿಂಗಸುಗೂರಿನಲ್ಲೇ ಕನ್ನಡ ಮಾಸ್ತರ ಕೆಲಸ ಸಿಕ್ಕಿತು. ನನಗೆ ಎಲ್ಲಿಯೂ ಏನೂ ಸಿಕ್ಕಿರಲಿಲ್ಲ. ಮಾವ ಮಸ್ಕಿಗೆ ಬಂದು ಅವ್ವನ ಮುಂದೆ ಕೂತು, ಅವಳ ಕೈ ಹಿಡಿದುಕೊಂಡು, ಮಗಳನ್ನು ಅವನಿಗೆ ಕೊಡುವುದಾಗಿ ಹೇಳಿದ. ಮಗಳೇ ಒಪ್ಪಿದ್ದಾಳೆ ಎಂದೂ ಹೇಳಿದ. ಅವ್ವ ಅತ್ತಳು. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, "ನಿನ್ನ ಗೆಳ್ಯಾ ಅದಾನ. ಮಾರಿ ಗಂಟ ಹಾಕ್ಕೊಂಡು ಅಡ್ಯಾಡಿದ್ರ ಬೀಗರೊಳಗ ನನ್ನ ಮಾನ ಹೋಗತೈತಿ. ಮದುಮಗನ ಜೋಡಿ ನೀನ ನಿಂದರಬೇಕು" ಎಂದ. ನಿಲ್ಲುತ್ತೇನೆ ಎಂದೆ.

ನಮ್ಮ ಕಡೆ ಅರಿಷಿಣ ಹಚ್ಚಿದ ಮೇಲೆ ಮದುಮಗ ಕೈಯಲ್ಲಿ ಕಬ್ಬಿಣ ಹಿಡಿದಿರಬೇಕು. ದೃಷ್ಟಿ ತಾಗಬಾರದೆಂದು ಕಠಾರಿಯ ತುದಿಗೆ ನಿಂಬೆಹಣ್ಣು ಚುಚ್ಚಿ ಕೊಡುತ್ತಾರೆ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವವರೆಗೆ ಅದು ಅವನ ಕೈ ಬಿಡುವಂತಿಲ್ಲ. ಆದರೆ ಆ ಕಾಲದಲ್ಲಿ ಕಠಾರಿ ಎಲ್ಲಿತ್ತು? ಹೊಸ ಆಡಳಿತ ಬಂದಾಗ ಮನೆಯಲ್ಲಿದ್ದ ಆಯುಧವನ್ನೆಲ್ಲ ಚಾವಡಿಗೆ ತಂದೊಪ್ಪಿಸಿ ಎಂದು ಡಂಗುರ ಸಾರಿದ್ದರು. ಹೆದರಿದ ಜನ ತಲೆಮಾರುಗಳಿಂದ ಮದುವೆಗೆಂದೇ ಇಟ್ಟಿದ್ದ, ತುಕ್ಕು ತಿಂದ ಕಠಾರಿಗಳನ್ನೂ ಕೊಟ್ಟು ಬಂದಿದ್ದರು. ಆ ಮೇಲಿನ ಮದುವೆಗಳಲ್ಲಿ ಮದುಮಕ್ಕಳ ಕೈಗೆ ಸಿಕ್ಕಿದ್ದು ಬಂತು: ಕಳೆ ತೆಗೆಯುವ ಕುರುಪಿ, ಮುರಿದ ಕುಡುಗೋಲು, ಒಂದು ಕಡೆ ಎತ್ತಿನ ಲಾಳ ಕೂಡ.

ಲಿಂಗಸುಗೂರಿನ ಬಂಡಿಗಳು ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯ ನಮ್ಮ ಮನೆಯಲ್ಲಿ ಇಳಿದವು. ಊಟವಾದ ಮೇಲೆ ಅಕ್ಕ ನನ್ನನ್ನು ಕಾಳು ತುಂಬುವ ಹಗೇವಿನ ಹತ್ತಿರ ಕರೆದು ಸೆರಗಿನ ಗಂಟು ಬಿಚ್ಚಿದಳು. ಕಲಂತರಾಶ್. ಬೂದಿಯಲ್ಲಿ ತಿಕ್ಕಿ ಬೆಳ್ಳಿಯ ಹಾಗೆ ಮಾಡಿದ್ದಳು.

"ತಮ್ಮನ ಕೈಯಾಗ ಅಪ್ಪನ ಕಬ್ಬಿಣ ಇರ್ಲಿ ಅಂತ ಆಸಿ ನನಗ. ಆದ್ರ ಗಂಡ ಇಲ್ಲದಾಕಿ ನಾ ಕೊಡಬಾರದು. ನೀ ತಂದೀನಿ ಅಂತ ಹೇಳಿ ಕೊಡು."

"ನಮ್ಮೊಳಗ ಅಂಥಾದ್ದು ಇಲ್ಲಂತಾರಲ್ಲಕ್ಕಾ, ಲಿಂಗ ಕಟ್ಟಿದವರಿಗೆ ಎಲ್ಲಾರೂ ಒಂದ ಅಂತ."

"ಅಂತಾರ. ಅಂದವರ ಮನಿ ಮದುವಿಗೆ ಹೋಗಿ ಬಂದೀನಿ ನಾನು" ಎಂದು ನಕ್ಕಳು. "ಯಾರಿಗೂ ಹೇಳಬ್ಯಾಡ. ನನಗ ಏನೂ ಬ್ಯಾಡ, ಅವನ ಮ್ಯಾಲೆ ಅಕ್ಕಿಕಾಳು ಬೀಳೂದು ಒಂದ ನೋಡಬೇಕು."

ಸಿಂಧನೂರಿಗೆ ಹೋದ ಮೇಲೆ ಆಕೆ ಮೊದಲು ಮಾಡಿದ ಕೆಲಸ ತನಗೊಂದು ಜಾಗ ಹುಡುಕಿಕೊಂಡದ್ದು. ಕಾಳಿನ ಕೋಣೆಯಲ್ಲಿ ಹಂದರದ ಕಡೆಗೆ ಒಂದು ಗವಾಕ್ಷಿ ಇತ್ತು. ಅಲ್ಲಿ ಚೀಲದ ಮೇಲೆ ಕೂತರೆ ತಾನು ಯಾರಿಗೂ ಕಾಣುವುದಿಲ್ಲ, ತನಗೆ ಕಾಣುತ್ತದೆ. "ನೀ ಹೋಗಿ ಮದುಮಗ ನಿಂದ್ರೂ ಜಾಗದಾಗ ನಿಂದ್ರು, ನೋಡತೀನಿ" ಎಂದಳು. ಖಾಲಿ ಹಂದರದಲ್ಲಿ ನಾನು ಹೋಗಿ ನಿಂತೆ. "ಒಂಚೂರು ಈ ಕಡಿ ಬಾ. ಹಾಂ, ಕಾಣಾಕತ್ತಿ" ಎಂದು ಗೋಡೆಯ ಒಳಗಿನಿಂದ ಆಕೆಯ ಸಂತೋಷದ ಧ್ವನಿ ಬಂತು. ನಾನು ನಿಂತಿದ್ದ ಜಾಗ ನನ್ನದಾಗಬೇಕಿತ್ತು. ಆಕೆಗೆ ಅದು ಹೊಳೆಯಲೇ ಇಲ್ಲ. ನನಗೆ ಬೇರೇನೂ ಹೊಳೆಯಲಿಲ್ಲ.

ಮದುವೆಯ ಬೆಳಗ್ಗೆ ಸುರಗಿಯ ನೀರು ಹಾಕಿ ಮೀಯಿಸಿ ಮದುಮಗನನ್ನು ಹೊರಗೆ ತಂದು ಕೂರಿಸಿದರು. ನಾನು ಅವನ ಕೈಗೆ ಕೊಟ್ಟ ಕಲಂತರಾಶ್‌ನ ಅಲಗು ಸಣ್ಣದು, ನಿಂಬೆಹಣ್ಣು ದೊಡ್ಡದು. ಹಣ್ಣು ಚುಚ್ಚಿದರೆ ಚಾಕುವೇ ಕಾಣುತ್ತಿರಲಿಲ್ಲ. ಮಾವನ ಚಿಕ್ಕಪ್ಪ, ಹಂದರದಲ್ಲಿ ಎಲ್ಲರಿಗಿಂತ ಹಿರಿಯ, ಕಣ್ಣು ಕಿರಿದು ಮಾಡಿ ನೋಡಿ, "ಏನೋ ಇದು ಅಳಿಯಾ? ಕಠಾರಿನೋ, ಕಿವಿ ಕೆರಕೊಳ್ಳೂ ಕಡ್ಡಿನೋ?" ಎಂದ. ಎಲ್ಲ ನಕ್ಕರು.

"ಕಲಂತರಾಶ್ ರೀ" ಎಂದ ಗೆಳೆಯ.

"ಹಂಗಂದ್ರ?"

ಅಷ್ಟು ಸಾಕಿತ್ತು ಅವನಿಗೆ. ಮೈಗೆಲ್ಲ ಅರಿಷಿಣ, ತಲೆಯಿಂದ ನೀರು ಇಳಿಯುತ್ತಿದೆ, ಆದರೂ ಕಲಂ ಎಲ್ಲಿಯದು, ತರಾಶ್ ಎಲ್ಲಿಯದು, ಚಾಕು ಹೇಗೆ ದೇಶ ದಾಟಿ ಬಂತು ಎಂದು ಶುರುಮಾಡಿದ. ಚೂರಿಗೂ ಕ್ಷೌರಕ್ಕೂ ನಂಟು ಹೇಳಿದಾಗ ಕ್ಷೌರ ಮಾಡುವ ಹಡಪದವನೊಬ್ಬ, "ಹಂಗಾರ ನಾನೂ ಬೀಗರ ಪೈಕಿ ಅನ್ರಿ" ಎಂದ. ಮುದುಕ ತೊಡೆ ತಟ್ಟಿ, "ಕಠಾರಿ ಹೋದ್ರ ಹೋತು, ಮಾತು ಹರಿತ ಐತಿ ಹುಡುಗಂದು" ಎಂದ. ಆಗ ಒಳಗಿನಿಂದ ಹೆಣ್ಣುಮಕ್ಕಳ ಗುಸುಗುಸು. ಅದರ ನಡುವೆ ಮದುಮಗಳ ಧ್ವನಿಯೇ, ನನಗೆ ಚೆನ್ನಾಗಿ ಗೊತ್ತಿದ್ದ ಧ್ವನಿ: "ಈಳಿಗಿ ಯಾವೂರದು ಅಂತ ಕೇಳ್ರೇ ಅವರನ್ನ."

"ಈಳಿಗಿ ಯಾವೂರಿಂದನೂ ಬಂದಿಲ್ಲ. ಅಡಗೀಮನ್ಯಾಗ ಮೊದಲ ಕುಂತಿತ್ತು, ನಾವ ಆಮ್ಯಾಲ ಬಂದೀವಿ" ಎಂದ ಇವನು.

ಹಂದರ ನಕ್ಕಿತು. ಬಾಗಿಲ ಹಿಂದೆ ಆಕೆ ನಕ್ಕದ್ದು ಬೇರೆಯಾಗಿ ಕೇಳಿಸಿತು. ಹುಟ್ಟಿದಾಗಿನಿಂದ ಬಲ್ಲ ಆ ಹುಡುಗಿ ಹಾಗೆ ನಗುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಬಾಯಿ ತಾನಾಗಿ ತೆರೆಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನಗು ನಿಲ್ಲುವವರೆಗೆ ಕಾದು, ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ:

"ಹೆಸರು ಎಲ್ಲಿಂದ ಬಂತು ಅಂತ ಚಲೋ ಹೇಳಿದಿ. ಚಾಕು ಯಾರ ಕೈಯಿಂದ ಬಂತು, ಅದನ್ನೂ ಹೇಳು."

ಅವನು ನನ್ನ ಮುಖ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಅದನ್ನು ಮನೆಯಿಂದ ನಾನೇ ಎತ್ತಿ ತಂದಿದ್ದೇನೆಂದು ತಿಳಿದಿದ್ದ. "ನೀನ ಕೊಟ್ಟೀಯಲ್ಲ" ಎಂದ.

"ನನಗ ನಿಮ್ಮ ಅಕ್ಕ ಕೊಟ್ಟಾಳ."

ಯಾರೂ ಬೈಯಲಿಲ್ಲ. ಬೈದಿದ್ದರೆ ಯಾರಾದರೂ ತಿರುಗಿ ಮಾತಾಡುತ್ತಿದ್ದರು. ತೊಡೆ ತಟ್ಟಿದ ಮುದುಕ ಎಲೆ ಅಡಿಕೆಯ ಚೀಲದೊಳಗೆ ಕೈಹಾಕಿ ಏನೋ ಹುಡುಕತೊಡಗಿದ. ಮಾವನ ಅತ್ತೆ ಬಾಗಿಲಲ್ಲಿ ನಿಂತು, "ಹೇಳಾಕ ಎಲ್ಲಾ ಒಂದ ಅಂತೀವಿ ಖರೆ. ಆದ್ರ ಹುಡುಗಿ ಕುಂಕುಮದ ಮಾತಿದು" ಎಂದಳು, ಯಾರ ಕಡೆಯೂ ನೋಡದೆ. ಕೇಳದೇ ಇದ್ದಿದ್ದರೆ ಅವರೆಲ್ಲ ಅದೇ ಚಾಕು ಹಿಡಿದವನಿಗೆ ಅಕ್ಕಿಕಾಳು ಹಾಕುತ್ತಿದ್ದರು. ಕೇಳಿದ ಮೇಲೆ ಕೇಳಿಲ್ಲವೆನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಇದು ಹೀಗೇ ಆಗುತ್ತದೆಂದು ನನಗೆ ಗೊತ್ತಿತ್ತು.

ಕಾಳಿನ ಕೋಣೆಯ ಬಾಗಿಲು ತೆರೆದು ಅಕ್ಕ ತಾನೇ ಹೊರಗೆ ಬಂದಳು. ಸೆರಗು ಹಣೆಯವರೆಗೆ ಎಳೆದುಕೊಂಡಿದ್ದಳು.

"ಹೌದ್ರಿ, ನಾನ ಕೊಟ್ಟೀನಿ. ಅಪ್ಪಂದು ಅಂತ ಆಸಿಗೆ ಬಿದ್ದೆ. ಹುಡುಗೂರದು ಏನೂ ತಪ್ಪಿಲ್ಲ."

ಹುಡುಗೂರು ಎಂದಳು. ಅದರಲ್ಲಿ ನನ್ನನ್ನೂ ಸೇರಿಸಿ ಕಾಪಾಡಿದಳು.

ಗೆಳೆಯ ಎದ್ದು ನಿಂತ. "ನನ್ನ ಕೈಯಾಗ ಇದ ಇರತೈತಿ. ಇಲ್ಲಾಂದ್ರ ಮದುವಿ ಬ್ಯಾಡ ನನಗ."

"ಹುಚ್ಚಪ್ಪಾ, ಹಂಗನಬಾರದು" ಎಂದಳು ಆಕೆ. "ಒಳಗ ಒಬ್ಬಾಕಿ ಅರಿಷಿಣ ಹಚಿಗೊಂಡು ಕುಂತಾಳ. ನನ್ನ ಆಣಿ ಐತಿ, ಕೂಡು."

ಅವನು ಕೂಡಲಿಲ್ಲ, ಆದರೆ ಕೈ ಸಡಿಲವಾಯಿತು. ಆಕೆ ಹತ್ತಿರ ಬಂದು ಮುಟ್ಟಲಿಲ್ಲ. ದೂರದಿಂದಲೇ ನನಗೆ, "ತಗೋಳಪಾ ಅದನ್ನ" ಎಂದಳು. ನಾನು ತೆಗೆದುಕೊಂಡೆ. ನಿಂಬೆಹಣ್ಣು ಕಿತ್ತು, ಅಲಗು ಮಡಚಿ ಆಕೆಗೆ ಕೊಟ್ಟೆ. ಮುದುಕ ಅಷ್ಟರಲ್ಲಿ ಚೀಲದಿಂದ ಅಡಕತ್ತರಿ ಹೊರತೆಗೆದಿದ್ದ. ಅಡಿಕೆ, ಕತ್ತರಿ, ಹೆಸರಿನಲ್ಲಿ ಯಾರೂ ಬೆರಳಿಡುವಂಥದ್ದೇನೂ ಇಲ್ಲ. ಅದಕ್ಕೆ ಹಣ್ಣು ಚುಚ್ಚಲು ಬಾರದೆ ದಾರದಿಂದ ಕಟ್ಟಿದರು.

ಮಾವ, "ತಾಯಿ, ನೀ ಒಳಗ ಕುಂದ್ರು, ಆತಲ್ಲ ಇನ್ನ" ಎಂದ. ಆದರೆ ಅಷ್ಟು ಮೆಲ್ಲಗೆ ಹೇಳಿದ ಮಾತನ್ನು ಕೇಳಿಸಿಕೊಂಡು ಉಳಿಯುವುದು ಯಾರಿಗೂ ಸಾಧ್ಯವಿರಲಿಲ್ಲ. ಇನ್ನು ಏನೇ ಎಡವಟ್ಟಾದರೂ ಅದು ಗವಾಕ್ಷಿಯ ಕಡೆ ಬೊಟ್ಟು ಮಾಡುತ್ತದೆಂದು ಆಕೆಗೆ ಗೊತ್ತಿತ್ತು. ಹಂದರದ ಕಡೆ ಬೆನ್ನು ಮಾಡಿ ಹೊರಗೆ ನಡೆದಳು. ಮಸ್ಕಿಗೆ ಹೊರಟಿದ್ದ ಹತ್ತಿಯ ಬಂಡಿಯೊಂದು ಸಿಕ್ಕಿತಂತೆ. ಸಂಜೆ ಮಸ್ಕಿಯಲ್ಲಿ, ಬೀಗ ಹಾಕಿದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಪಕ್ಕದ ಮನೆಯಲ್ಲಿ ನೀರು ಕೇಳಿ ಕುಡಿದು, ಲಿಂಗಸುಗೂರಿಗೆ ಹೋಗುವ ಬಂಡಿ ಕಾದಳಂತೆ. ಮದುವೆ ಹೇಗಾಯಿತು ಎಂದು ಪಕ್ಕದವರು ಕೇಳಿದರೆ, "ಭಾಳ ಚಲೋ ಆತು" ಎಂದಳಂತೆ.

ಮದುವೆಯೇನೋ ಆಯಿತು. ಹೊಟ್ಟೆಕಿಚ್ಚು ಅದರಿಂದ ಕಡಿಮೆಯೇನೂ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಅವನ ಅಕ್ಕ ಅವನಿಗಾಗಿ ಹಾಗೆ ಎದ್ದು ಹೋದಳಲ್ಲ, ನನಗಾಗಿ ಹೋಗುವವರು ಯಾರಿದ್ದಾರೆ ಎಂದು ಅದಕ್ಕೂ ಕರುಬಿದೆ.

ಮದುವೆಯಾದ ಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ. ಮಾವನ ಮಗಳು ನಾನು ಹೋದಲ್ಲಿ ಎದ್ದು ಒಳಗೆ ಹೋಗುತ್ತಿದ್ದಳು. ನನಗೆ ನೌಕರಿ ಸಿಕ್ಕಿತು, ನನ್ನ ಮದುವೆಯೂ ಆಯಿತು. ಐವತ್ತಾರರಲ್ಲಿ ನಮ್ಮ ಸೀಮೆ ಮೈಸೂರಿಗೆ ಸೇರಿದಾಗ ಕಚೇರಿಯ ಕೆಲಸಕ್ಕೆಂದು ಲಿಂಗಸುಗೂರಿಗೆ ಹೋದೆ. ಅವನ ಶಾಲೆಯ ಮುಂದೆ ಕಾದು ನಿಂತೆ. ಹೊರಗೆ ಬಂದವನ ಕೈ ಹಿಡಿದು ತಪ್ಪಾಯಿತು ಎಂದೆ. ಅವನು ಕೈ ಬಿಡಿಸಿಕೊಂಡ.

"ನನಗ್ಯಾಕ ಹೇಳತಿ? ನನ್ನ ಮದುವಿ ನಾ ಮಾಡಿಕೊಂಡೆ. ಅದನ್ನ ನೋಡದಾಕಿ ಮನ್ಯಾಗ ಅದಾಳ, ಹೋಗಿ ಹೇಳು."

ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅಕ್ಕ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು. "ಬಾರಪಾ, ಎಷ್ಟು ತೆಳ್ಳಗ ಆಗೀದಿ" ಎಂದು ಮೊರ ಪಕ್ಕಕ್ಕೆ ಸರಿಸಿದಳು. ನಾನು ಬಾಯಿ ತೆರೆಯುವುದರೊಳಗೆ ಆಕೆಯೇ ಕೇಳಿದಳು:

"ಒಂದ ಮಾತು ಕೇಳತೀನಿ, ಬ್ಯಾಸರ ಮಾಡಿಕೋಬ್ಯಾಡ. ತಮ್ಮನ್ನ ಕೇಳಿದ್ರ ಸಿಟ್ಟಾಗತಾನ. ಆಕಿನ್ನ ಕೇಳಾಕ ನನಗ ನಾಚಿಕಿ. ಅಕ್ಕಿಕಾಳು ಬೀಳೂಮುಂದ ಅಂವ ಹೆಂಗ ನಿಂತಿದ್ದ? ನಗಾಕತ್ತಿದ್ನೇನು? ನೀ ಮಗ್ಗಲಕ ಇದ್ದಿಯಲ್ಲ, ನೀನ ಹೇಳು."

ನಾನು ಮಗ್ಗುಲಲ್ಲಿ ಇರಲಿಲ್ಲ. ಮಂಗಳವಾದ್ಯ ಶುರುವಾದಾಗ ಹಿತ್ತಲಿಗೆ ಹೋಗಿ ಎತ್ತುಗಳ ನಡುವೆ ನಿಂತಿದ್ದೆ. ಅವನ ಮೇಲೆ ಒಂದು ಕಾಳು ಬಿದ್ದದ್ದನ್ನೂ ನಾನು ನೋಡಿಲ್ಲ. ಆದರೂ ಹೇಳಿದೆ. ಕೆಂಪು ರುಮಾಲು ಸ್ವಲ್ಪ ವಾರೆಯಾಗಿತ್ತು ಎಂದೆ. ಅಂತರಪಟ ಸರಿದಾಗ ನಕ್ಕ, ಮದುಮಗಳು ತಲೆ ಎತ್ತಲಿಲ್ಲ, ಇವನು ಬಗ್ಗಿ ನೋಡಿದ ಎಂದೆ. ಕಾಳುಗಳು ಕಿವಿಯ ಸಂದಿನಲ್ಲಿ ಸಿಕ್ಕಿಕೊಂಡಿದ್ದವು ಎಂದೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಮುಗಿದಾಗ, "ಮತ್ತ?" ಎಂದಳು. ಮತ್ತೂ ಹೇಳಿದೆ. ಒಂದು ಸುಳ್ಳಿನ ಮದುವೆಯನ್ನು ಪೂರ್ತಿ ಕಟ್ಟಿಕೊಟ್ಟೆ. ಆಕೆಯ ಮುಖ ಅರಳುವುದನ್ನು ನೋಡಿ, ಈಗ ತಪ್ಪಾಯಿತು ಎಂದರೆ ಇದೂ ಸುಳ್ಳೆಂದು ಹೇಳಬೇಕಾಗುತ್ತದೆ ಎನ್ನಿಸಿತು. ಊಟ ಮಾಡಿ ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಕೆಲವು ವರ್ಷಗಳ ಮೇಲೆ ಆಕೆ ತೀರಿಹೋದ ಸುದ್ದಿ ಬಂತು.

ತಪ್ಪಾಯಿತು ಎಂದು ಗೆಳೆಯನಿಗೆ ಹೇಳಿದೆ. ಮಾವನ ಕಾಲು ಹಿಡಿದು ಹೇಳಿದೆ. ಮಾವನ ಮಗಳಿಗೂ ಅವಳ ಮಕ್ಕಳ ಮುಂದೆ ಹೇಳಿದೆ. ಹೇಳದೆ ಉಳಿದದ್ದು ಒಬ್ಬಳಿಗೆ, ಅವನ ಅಕ್ಕನಿಗೆ.